ಗೇರ್ ಸೈಕಲ್ ಕೇಳುವ ಮಕ್ಕಳು, ಲೆಕ್ಕ ಹಾಕುವ ತಾಯಂದಿರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರವೇ ನಮ್ಮ ಕ್ಯಾತ್ಸಂದ್ರದ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. "ಅಮ್ಮೀ, ನನಗೆ ಗೇರ್ ಸೈಕಲ್ ಬೇಕು." ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು. ಮಗ ಕೇಳಿದರೆ ತಂದೆ ಅಂಗಡಿಗೆ ಕರೆದೊಯ್ಯುತ್ತಾರೆ. ಮಗಳು ಕೇಳಿದರೆ ಬಸ್ಸು ಇದೆಯಲ್ಲ ಎನ್ನುತ್ತಾರೆ. ಆದರೆ ಬೆಳಗಿನ ಬಸ್ಸಿನ ನೂಕುನುಗ್ಗಲು, ಸಂಜೆ ತಡವಾಗುವ ತರಗತಿ, ತಿಂಗಳ ಕೊನೆಯಲ್ಲಿ ಬಸ್ಸಿನ ಚಿಲ್ಲರೆಗೂ ತಡಕಾಡುವ ಪರಿಸ್ಥಿತಿ ಇವೆಲ್ಲ ಸೇರಿ ಎಷ್ಟೋ ಹುಡುಗಿಯರ ಓದು ಪಿ.ಯು.ಸಿ.ಗೆ ಮುಂಚೆಯೇ ನಿಂತುಬಿಡುವುದನ್ನು ಶಿಕ್ಷಕಿಯಾಗಿ ನಾನು ಕಂಡಿದ್ದೇನೆ. ಇಲ್ಲಿಂದ ತುಮಕೂರು ಪೇಟೆಗೆ ಐದಾರು ಕಿಲೋಮೀಟರ್. ಅದು ಸೈಕಲ್ಲಿನ ದೂರ. ಹಾಗಾಗಿ ಈ ಬೇಡಿಕೆಯನ್ನು ಶೋಕಿ ಎಂದು ತಳ್ಳಿಹಾಕುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ.

ಮಕ್ಕಳು ಗೇರ್ ಸೈಕಲ್ ಎಂದು ಕರೆಯುವುದು ಹೆಚ್ಚಾಗಿ ಗುಡ್ಡಗಾಡಿನ ಸೈಕಲ್ಲನ್ನು, ಅಂದರೆ ಅಂಗಡಿಯವರ ಬಾಯಲ್ಲಿ ಎಂ.ಟಿ.ಬಿ. ದಪ್ಪ ಟೈರು, ಅಡ್ಡ ನೇರ ಹ್ಯಾಂಡಲ್, ಹತ್ತುವಾಗ ಹಗುರವಾಗುವ ಗೇರು ಅದರ ಗುರುತು. ನಮ್ಮ ಊರಿಗೆ ಅದು ಅಸಂಗತವೇನೂ ಅಲ್ಲ. ಒಂದು ಕಡೆ ಹೆದ್ದಾರಿಯ ಸರ್ವಿಸ್ ರಸ್ತೆ, ಟೋಲ್ ದಾಟುವ ಲಾರಿಗಳು. ಇನ್ನೊಂದು ಕಡೆ ಸಿದ್ಧಗಂಗೆಯ ಬಂಡೆಗಳು, ಆಚೆಗೆ ನಾಮದ ಚಿಲುಮೆ, ದೇವರಾಯನದುರ್ಗ. ತುಮಕೂರು ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದ್ದರೆ ದುರ್ಗದ ನೆತ್ತಿ ಸುಮಾರು 3,900 ಅಡಿ. ರಜಾದಿನ ಹುಡುಗರು ಆ ಏರನ್ನು ಹತ್ತದೆ ಬಿಡುವವರಲ್ಲ. ಹತ್ತಿದವರು ಇಳಿಯಲೇಬೇಕು. ಬ್ರೇಕಿನ ಮಾತು ಬರುವುದೇ ಅಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಈ ಸೈಕಲ್ ಹುಟ್ಟಿದ್ದು ಕೂಡ ಹಳೆಯ ಸಾಮಾನಿನಿಂದಲೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು 1930-40ರ ದಶಕದ ಹಳೆಯ ಷ್ವಿನ್ ಸೈಕಲ್ಲುಗಳನ್ನು ಅಗ್ಗಕ್ಕೆ ಹುಡುಕಿ ತಂದು, ಅದಕ್ಕೆ ಮೋಟಾರ್ ಸೈಕಲ್ಲಿನ ಬ್ರೇಕ್ ಲಿವರು, ಬೇರೆ ಸೈಕಲ್ಲಿನ ಗೇರು ಜೋಡಿಸಿ ಟಮಾಲ್ಪಾಯಿಸ್ ಬೆಟ್ಟದ ಸುತ್ತಿನ ಮಣ್ಣು ದಾರಿಯಲ್ಲಿ ಓಡಿಸುತ್ತಿದ್ದರು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು. ಕಾರಣ, ಒಂದೇ ಇಳಿಜಾರಿನಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಗ್ಯಾರಿ ಫಿಷರ್, ಜೋ ಬ್ರೀಝ್, ಟಾಮ್ ರಿಚಿ, ಚಾರ್ಲಿ ಕೆಲ್ಲಿ ಎಂಬ ಹೆಸರುಗಳು ಎಲ್ಲರಿಗೂ ಗೊತ್ತು. ಆ ಗುಂಪಿನಲ್ಲಿ ವೆಂಡಿ ಕ್ರಾಗ್ ಎಂಬ ಮಹಿಳೆಯೂ ಇದ್ದರು. ತಾವೂ ಆ ಇಳಿಜಾರಿನಲ್ಲಿ ಓಡಿಸಿದ ಅವರು ತೆಗೆದ ಫೋಟೋಗಳಿಂದಲೇ ಆ ಕಾಲದ ಚರಿತ್ರೆ ಇಂದು ನಮಗೆ ಕಾಣುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆಗೆ ಹಳೇ ಸಾಮಾನಿನ ಈ ಆಟ ಒಲಿಂಪಿಕ್ಸ್ ಸ್ಪರ್ಧೆಯೇ ಆಗಿಹೋಯಿತು.

ಆದ್ದರಿಂದ ಮನೆಯ ಹಿತ್ತಲಲ್ಲಿ ಬಿದ್ದ ಅಣ್ಣನ ಹಳೇ ಸೈಕಲ್ಲನ್ನು ನೋಡಿ "ಇದನ್ನೇ ಎಬ್ಬಿಸೋಣ" ಎಂದು ಮಗಳು ಹೇಳಿದರೆ ನಗಬೇಡಿ.

ಜೋಡಿಸುವುದು ಅಗ್ಗವೇ?

ಇಲ್ಲೊಂದು ಕಹಿ ಸತ್ಯವನ್ನು ಮೊದಲೇ ಹೇಳಿಬಿಡಬೇಕು. ಫ್ರೇಮಿನಿಂದ ಹಿಡಿದು ಬೆಲ್ಲಿನವರೆಗೆ ಪ್ರತಿಯೊಂದನ್ನೂ ಹೊಸದಾಗಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದರೆ, ಅದು ಅಂಗಡಿಯಲ್ಲಿ ನಿಂತಿರುವ ಪೂರ್ತಿ ಸೈಕಲ್ಲಿಗಿಂತ ದುಬಾರಿಯಾಗುತ್ತದೆ. ಕಾರ್ಖಾನೆಯವರು ಸಾವಿರಗಟ್ಟಲೆ ಬಿಡಿಭಾಗಗಳನ್ನು ಸಗಟಿನಲ್ಲಿ ಕೊಳ್ಳುತ್ತಾರೆ. ನಾವು ಒಂದೊಂದನ್ನೇ ಚಿಲ್ಲರೆಯಲ್ಲಿ ಕೊಳ್ಳುತ್ತೇವೆ. ಬಿರಿಯಾನಿಗೆ ಬೇಕಾದ ಮಸಾಲೆಯನ್ನು ಐದೈದು ರೂಪಾಯಿಯ ಪೊಟ್ಟಣದಲ್ಲಿ ತಂದಂತೆ.

ಜೋಡಣೆ ಅಗ್ಗವಾಗುವುದು ಎರಡೇ ಸಂದರ್ಭಗಳಲ್ಲಿ. ಒಂದು, ಒಳ್ಳೆಯ ಫ್ರೇಮ್ ಈಗಾಗಲೇ ಮನೆಯಲ್ಲಿದ್ದರೆ. ಎರಡು, ಯಾರೋ ಎರಡು ವರ್ಷ ಓಡಿಸಿ ಮೂಲೆಗಿಟ್ಟ ಗೇರ್ ಸೈಕಲ್ಲು ಪೂರ್ತಿಯಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ. ಆಗ ಕೆಟ್ಟ ಭಾಗಗಳನ್ನಷ್ಟೇ ಬದಲಿಸಿದರೆ ಸಾಕು. ಇವೆರಡೂ ಇಲ್ಲವೆಂದರೆ ಸುಮ್ಮನೆ ಗೇರಿಲ್ಲದ ಗಟ್ಟಿ ಹೊಸ ಸೈಕಲ್ಲು ಕೊಳ್ಳುವುದೇ ಲೇಸು. ಬಡ್ಡಿಯ ಕಂತಿಗೆ ಬಿದ್ದು ಹೊಳೆಯುವ ಗೇರ್ ಸೈಕಲ್ ತರುವುದಂತೂ ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪೆಡಲ್ಲಿನ ಅಚ್ಚು ಹಾದುಹೋಗುವ ಕೊಳವೆಯ ತಳದಲ್ಲಿ ಕೆತ್ತಿರುವ ಫ್ರೇಮ್ ನಂಬರನ್ನು ನೋಡಿ. ಅದನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದುಬನ್ನಿ. ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಮಾರುವವರ ಮನೆಗೇ ಹೋಗಿ ನೋಡಿ. ವಸ್ತುವಿನ ಐಬನ್ನು ಮುಚ್ಚಿಟ್ಟು ಮಾರಬಾರದೆಂಬುದು ನಾವು ಮದ್ರಸದಲ್ಲಿ ಓದಿದ ವ್ಯಾಪಾರದ ಪಾಠ. ಕೊಳ್ಳುವವರಿಗೂ ಅದರಲ್ಲಿ ಒಂದು ಪಾಲಿದೆ: "ಇದರಲ್ಲಿ ಏನು ಐಬಿದೆ?" ಎಂದು ಬಾಯಿಬಿಟ್ಟು ಕೇಳಬೇಕು.

ಫ್ರೇಮ್: ಎಲ್ಲವನ್ನೂ ನಿರ್ಧರಿಸುವ ಯಜಮಾನ

ಯಾವ ಚಕ್ರ, ಯಾವ ಬ್ರೇಕು, ಎಷ್ಟು ಗೇರು ಕೂರುತ್ತದೆ ಎಂಬುದನ್ನೆಲ್ಲ ಫ್ರೇಮೇ ತೀರ್ಮಾನಿಸುತ್ತದೆ. ಆದ್ದರಿಂದ ಫ್ರೇಮನ್ನು ನೋಡುವುದಕ್ಕೆ ಮುಂಚೆ ಒಂದು ಭಾಗವನ್ನೂ ಕೊಳ್ಳಬೇಡಿ.

ಹಿತ್ತಲಲ್ಲಿ ಬಿದ್ದಿರುವುದು ಸರ್ಕಾರ ಕೊಟ್ಟ ಸೈಕಲ್ಲೇ? ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಸಿಗುತ್ತಿತ್ತು. ಕೊರೊನಾ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಆ ಸೈಕಲ್ಲುಗಳು ಈಗಲೂ ಎಷ್ಟೋ ಮನೆಗಳ ಗೋಡೆಗೆ ಒರಗಿವೆ. ಅವನ್ನು ಗೇರ್ ಸೈಕಲ್ಲಾಗಿ ಮಾರ್ಪಡಿಸಲು ಹೋಗಬೇಡಿ. ಹಿಂದಿನ ಚಕ್ರ ಕೂರುವ ಎರಡು ತಗಡುಗಳ ನಡುವೆ ಏಳು ಹಲ್ಲುಚಕ್ರಗಳ ಗುಚ್ಛಕ್ಕೆ ಬೇಕಾದ ಜಾಗವಿರುವುದಿಲ್ಲ. ಗುಡ್ಡದ ಸೈಕಲ್ಲಿನಲ್ಲಿ ಆ ಅಂತರ ಸಾಮಾನ್ಯವಾಗಿ 135 ಮಿಲಿಮೀಟರ್. ಎಳೆದು ಅಗಲಿಸುತ್ತೇನೆ ಎನ್ನುವ ಮೆಕ್ಯಾನಿಕ್ಕರಿದ್ದಾರೆ. ನಾನಾದರೆ ಬೇಡ ಎನ್ನುತ್ತೇನೆ.

ಆದರೆ ಅದೇ ಸೈಕಲ್ಲಿಗೆ ಅತಿ ಕಡಿಮೆ ಖರ್ಚಿನ ಒಂದು ಮದ್ದಿದೆ. ಹಿಂದಿನ ಫ್ರೀವೀಲು 18 ಹಲ್ಲಿನದಾಗಿದ್ದರೆ ಅದನ್ನು ತೆಗೆಸಿ 22 ಹಲ್ಲಿನದನ್ನು ಹಾಕಿಸಿ. ಮುಂದಿನ ಹಲ್ಲುಚಕ್ರ 44 ಹಲ್ಲಿನದು ಎಂದಿಟ್ಟುಕೊಳ್ಳಿ. 28 ಇಂಚಿನ ದೊಡ್ಡ ಸೈಕಲ್ಲು ಒಂದು ಸುತ್ತು ಪೆಡಲಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತಿದ್ದದ್ದು ಆಗ ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಸಪಾಟಿನಲ್ಲಿ ವೇಗ ಸ್ವಲ್ಪ ಕಡಿಮೆ, ಏರಿನಲ್ಲಿ ಕಾಲಿಗೆ ಬೀಳುವ ಭಾರ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಚೈನು ಗಿಡ್ಡವಾದರೆ ಒಂದೆರಡು ಕೊಂಡಿ ಸೇರಿಸಬೇಕಾಗುತ್ತದೆ, ಅಷ್ಟೆ. ಕಾಲೇಜಿಗೆ ಹೋಗಿಬರುವುದೇ ಉದ್ದೇಶವಾದರೆ ಎಷ್ಟೋ ಮನೆಗಳಿಗೆ ಇಷ್ಟೇ ಸಾಕು. ಮುಂದಿನದನ್ನು ಓದುವ ಅಗತ್ಯವೂ ಇಲ್ಲ!

ಇನ್ನು ನಿಜವಾದ ಎಂ.ಟಿ.ಬಿ. ಫ್ರೇಮ್ ಸಿಕ್ಕಿದೆ ಎನ್ನೋಣ. ಅದು ನೆಟ್ಟಗಿದೆಯೇ ಎಂದು ನೋಡಲು ನಿಮ್ಮ ಹೊಲಿಗೆ ಪೆಟ್ಟಿಗೆಯ ದಾರ ಸಾಕು. ಹಿಂದಿನ ಚಕ್ರ ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೆಳಗಿನ ದಪ್ಪ ಕೊಳವೆಯನ್ನು ಸುತ್ತಿಸಿ, ಇನ್ನೊಂದು ತುದಿಗೆ ತಂದು ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಸಂದನ್ನು ಎರಡೂ ಬದಿಗಳಲ್ಲಿ ಅಳೆಯಿರಿ. ಎರಡೂ ಸಮವಿದ್ದರೆ ಫ್ರೇಮ್ ನೆಟ್ಟಗಿದೆ. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಬಂದರೆ ಎಲ್ಲೋ ಡಿಕ್ಕಿ ಹೊಡೆದು ಸೊಟ್ಟಗಾಗಿದೆ ಎಂದೇ ತಿಳಿಯಿರಿ. ಬಳಿಕ ಹ್ಯಾಂಡಲ್ ಕೆಳಗಿನ ಬೆಸುಗೆಯ ಸುತ್ತ ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯ ಬಿರುಕಿದ್ದರೆ ಅದು ಗುಜರಿಯ ಮಾಲು. ಉಕ್ಕಿನ ಫ್ರೇಮ್ ಭಾರವಾದರೂ ಊರಿನ ಬೆಸುಗೆ ಅಂಗಡಿಯಲ್ಲಿ ಚಿಕ್ಕಪುಟ್ಟ ರಿಪೇರಿ ಆದೀತು. ಅಲ್ಯುಮಿನಿಯಮ್ ಅಲಾಯ್ ಫ್ರೇಮ್ ಹಗುರ, ಆದರೆ ಬಿರುಕುಬಿಟ್ಟರೆ ನಮ್ಮ ಕಡೆ ನೆಚ್ಚಿಕೊಳ್ಳುವಂಥ ರಿಪೇರಿ ಇಲ್ಲ.

ಅಳತೆಯ ವಿಷಯದಲ್ಲಿ "ಮುಂದೆ ಬೆಳೆಯುತ್ತಾಳಲ್ಲ" ಎಂದು ದೊಡ್ಡದನ್ನು ಕೊಳ್ಳುವ ಅಭ್ಯಾಸ ನಮ್ಮದು. ಶಾಲೆಯ ಸಮವಸ್ತ್ರಕ್ಕೆ ಅದು ಸರಿ. ಸೈಕಲ್ಲಿಗೆ ಬೇಡ. ಎರಡೂ ಪಾದಗಳನ್ನು ನೆಲಕ್ಕೆ ಊರಿ ಅಡ್ಡ ಕೊಳವೆಯ ಮೇಲೆ ನಿಂತಾಗ ಕನಿಷ್ಠ ಎರಡು ಇಂಚು ಸಂದಿರಲೇಬೇಕು. ಮಣ್ಣು ದಾರಿಯಲ್ಲಿ ಓಡಿಸುವವರಿಗೆ ಇನ್ನೂ ಹೆಚ್ಚು. ಹುಡುಗಿಯರಿಗೆ ಅಡ್ಡ ಕೊಳವೆ ಬೇಡ ಎನ್ನುವವರಿದ್ದಾರೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಸೈಕಲ್ ಕಲಿತಾಗ, ಲೇಡೀಸ್ ಸೈಕಲ್ಲುಗಳು ಸಾಲದೆ ಗಂಡಸರ ಸೈಕಲ್ಲನ್ನೇ ಕೊಂಡರಂತೆ. ಅಡ್ಡ ಕೊಳವೆಯ ಮೇಲೆ ಮಗುವನ್ನು ಕೂರಿಸಬಹುದು ಎಂಬುದು ಅವರಿಗೆ ಕಂಡ ಲಾಭ. ಉದ್ದ ಉಡುಪಿನವರಿಗೆ ಇಳಿಜಾರಾದ ಕೊಳವೆಯ ಫ್ರೇಮ್ ಅನುಕೂಲ ಎಂಬುದೂ ನಿಜವೇ. ಅದು ಅವರವರ ಆಯ್ಕೆ.

ಚಕ್ರಕ್ಕೆ ಹಣ ಸುರಿಯಿರಿ, ಸ್ಪ್ರಿಂಗಿಗೆ ಬೇಡ

ಕೈಯಲ್ಲಿ ಫ್ರೇಮ್ ಇದ್ದು ಉಳಿದದ್ದಕ್ಕೆ ನೂರು ರೂಪಾಯಿ ಇದೆ ಎಂದಿಟ್ಟುಕೊಂಡರೆ, ನಾನು ನಲವತ್ತನ್ನು ಚಕ್ರ-ಟೈರುಗಳಿಗೆ, ಇಪ್ಪತ್ತನ್ನು ಬ್ರೇಕಿಗೆ, ಇಪ್ಪತ್ತೈದನ್ನು ಗೇರು-ಚೈನಿಗೆ, ಉಳಿದ ಹದಿನೈದನ್ನು ಸೀಟು, ಪೆಡಲು, ಹ್ಯಾಂಡಲ್ ಹಿಡಿಗಳಿಗೆ ಇಡುತ್ತೇನೆ. ಅಂಗಡಿಗೆ ಹೋದ ಮಕ್ಕಳು ಮಾಡುವುದು ಇದರ ತದ್ವಿರುದ್ಧ. ಮೊದಲ ಕಣ್ಣು ಹೋಗುವುದು ಮುಂದಿನ ಫೋರ್ಕಿನ ಸಸ್ಪೆನ್ಷನ್ ಮೇಲೆ.

ಅಗ್ಗದ ಸ್ಪ್ರಿಂಗ್ ಫೋರ್ಕು ಎಂದರೆ ಎರಡೂವರೆ ಕಿಲೋ ಆಸುಪಾಸಿನ ಕಬ್ಬಿಣ. ಹೊಸದರಲ್ಲಿ ಕುಣಿಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ನೀರು, ಮಣ್ಣು ಒಳಹೊಕ್ಕು ತುಕ್ಕು ಹಿಡಿದು ಕಲ್ಲಾಗುತ್ತದೆ. ಸೀಟಿನ ಕೆಳಗೂ ಸ್ಪ್ರಿಂಗ್ ಇರುವ ಅಗ್ಗದ ಫ್ರೇಮುಗಳಂತೂ ಇನ್ನೂ ಕಷ್ಟ. ಏರಿನಲ್ಲಿ ಪೆಡಲ್ ತುಳಿದ ಶಕ್ತಿಯ ಒಂದು ಭಾಗವನ್ನು ಆ ಸ್ಪ್ರಿಂಗೇ ನುಂಗುತ್ತದೆ. ನಮ್ಮ ಬೀದಿಯ ಒಂದು ಮನೆಯವರು ಪೇಟೆಯ ಅಂಗಡಿಯೊಂದರ ಮಾತು ನಂಬಿ ಅಂಥದ್ದನ್ನು ತಂದರು. ಆರೇ ತಿಂಗಳಿಗೆ ಹಿಂದಿನ ಜಂಟಿ ಸಡಿಲವಾಗಿ ಚಕ್ರ ಅತ್ತಿತ್ತ ಓಲಾಡತೊಡಗಿತು. ಅದಕ್ಕೆ ಬೇಕಾದ ಬುಷ್ಷು ಮಾತ್ರ ಆ ಅಂಗಡಿಯಲ್ಲೂ ಇರಲಿಲ್ಲ. ಗಟ್ಟಿ ಉಕ್ಕಿನ ಸಾದಾ ಫೋರ್ಕು ಹಾಕಿ, ಅದರ ಉಳಿತಾಯದಿಂದ ಒಳ್ಳೆಯ ದಪ್ಪ ಟೈರು ಕೊಳ್ಳಿ. ಗಾಳಿ ತುಂಬಿದ ದಪ್ಪ ಟೈರೇ ಬಡವರ ಸಸ್ಪೆನ್ಷನ್.

ರಿಮ್ಮಿನ ವಿಷಯದಲ್ಲಿ ಒಂದು ಮಾತು ಖಂಡಿತ ನೆನಪಿಡಿ: ಹೊಳೆಯುವ ಉಕ್ಕಿನ ರಿಮ್ ಬೇಡ, ಅಲಾಯ್ ರಿಮ್ ಬೇಕು. ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರು ಅದರ ಮೇಲೆ ಜಾರುತ್ತದೆ. ನಿಲ್ಲಬೇಕಾದ ಜಾಗ ದಾಟಿದ ಮೇಲೆ ಸೈಕಲ್ಲು ನಿಲ್ಲುತ್ತದೆ. ಸರ್ವಿಸ್ ರಸ್ತೆಯಲ್ಲಿ ಲಾರಿಯ ಹಿಂದೆ ಹೋಗುವ ಮಗುವಿಗೆ ಆ ಕೆಲವು ಅಡಿಗಳ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲಾಯ್ ರಿಮ್ ಒದ್ದೆಯಾದರೂ ಬ್ರೇಕನ್ನು ಎಷ್ಟೋ ವಾಸಿಯಾಗಿ ಹಿಡಿಯುತ್ತದೆ, ಹಗುರವೂ ಹೌದು. ಎಲ್ಲಕ್ಕೂ ಹಣ ಸಾಲದಿದ್ದರೆ ಮುಂದಿನ ಚಕ್ರಕ್ಕಾದರೂ ಅಲಾಯ್ ಹಾಕಿಸಿ. ಸೈಕಲ್ಲನ್ನು ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ.

ಟೈರು ಕೊಳ್ಳುವಾಗ ಅಂಕಿ ನೋಡಿ ಕೊಳ್ಳಿ. 26 × 1.95 ಎಂದು ದಶಮಾಂಶದಲ್ಲಿ ಬರೆದ ಟೈರು, 26 × 1⅜ ಎಂದು ಭಿನ್ನರಾಶಿಯಲ್ಲಿ ಬರೆದ ಟೈರು, ಎರಡೂ "ಇಪ್ಪತ್ತಾರು" ಎಂದೇ ಕರೆಸಿಕೊಳ್ಳುತ್ತವೆ. ಆದರೆ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಟೈರಿನ ಪಕ್ಕೆಯಲ್ಲಿ 50-559 ಎಂಬಂಥ ಇನ್ನೊಂದು ಸಂಖ್ಯೆ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಗುಡ್ಡದ ಸೈಕಲ್ಲಿನ 26 ಇಂಚಿಗೆ 559, 27.5 ಇಂಚಿಗೆ 584, 29 ಇಂಚಿಗೆ 622. ಭಿನ್ನರಾಶಿಯ ಆ 26ಕ್ಕೆ 590. ಈ ಮೂರಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯವರು ಗೊಂದಲ ಮಾಡಲಾರರು. ಹೊಸ ಟೈರು ಕೊಳ್ಳುವುದಾದರೆ ಮೂರರಲ್ಲಿ 26 ಇಂಚಿನದು ಹಳೆಯ ಅಳತೆ, ಸಾಮಾನ್ಯವಾಗಿ ಅಗ್ಗವೂ ಅದೇ.

ಉಬ್ಬುಬ್ಬಾದ ಗುಬಟುಗಳ ಟೈರು ನೋಡಲು ಚೆಂದ, ಟಾರು ರಸ್ತೆಯಲ್ಲಿ ಮಾತ್ರ ಗುಂಯ್‌ಗುಟ್ಟುತ್ತ ಕಾಲಿಗೆ ಭಾರವಾಗುತ್ತದೆ. ವಾರದಲ್ಲಿ ಆರು ದಿನ ಟಾರು, ಒಂದು ದಿನ ಮಣ್ಣು ಎನ್ನುವವರು ನಡುವೆ ನಯವಾದ ಪಟ್ಟಿ, ಬದಿಗಳಲ್ಲಿ ಗುಬಟು ಇರುವ ಟೈರನ್ನು ಕೇಳಿ ಪಡೆಯಲಿ. ಗಾಳಿಯನ್ನು ಟೈರಿನ ಮೇಲೆ ಬರೆದ ಮಿತಿಯೊಳಗೆ ತುಂಬಿಸಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಕ್ಷಣದಲ್ಲಿ ಟ್ಯೂಬು ಒಡೆಯಬಲ್ಲದು.

ಡಿಸ್ಕ್ ಬ್ರೇಕ್ ಬೇಕೇ?

ಹುಡುಗರ ಎರಡನೇ ಹಟ ಇದು. ಕೆಸರು, ಮಳೆಯಲ್ಲಿ ಡಿಸ್ಕ್ ಬ್ರೇಕ್ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಕೂರಿಸಲು ಫ್ರೇಮಿನಲ್ಲಿ ಬೇರೆಯೇ ಕಿವಿ ಬೇಕು, ಫೋರ್ಕಿನಲ್ಲಿ ಬೇಕು, ಹಬ್ಬಿನಲ್ಲಿ ತಟ್ಟೆ ಬಿಗಿಯಲು ಆರು ಬೋಲ್ಟಿನ ಜಾಗ ಬೇಕು. ಇವು ಇಲ್ಲದ ಸೈಕಲ್ಲಿಗೆ ಡಿಸ್ಕ್ ಹಾಕಲು ಹೊರಟರೆ ಬ್ರೇಕಿಗಿಂತ ಉಳಿದದ್ದಕ್ಕೇ ಹಣ ಹೋಗುತ್ತದೆ. ಫ್ರೇಮಿನಲ್ಲಿ ಅದಕ್ಕೆ ಜಾಗವಿದ್ದರೆ ತಂತಿಯಿಂದ ಎಳೆಯುವ ಸಾದಾ ಡಿಸ್ಕ್ ಹಾಕಿಸಿ. ಎಣ್ಣೆಯ ಡಿಸ್ಕಿನ ಗೊಡವೆ ಬೇಡ. ಇಲ್ಲದಿದ್ದರೆ ವಿ-ಬ್ರೇಕ್. ಎರಡು ಉದ್ದ ತೋಳುಗಳು ರಿಮ್ಮನ್ನು ಇಕ್ಕಳದಂತೆ ಹಿಡಿಯುವ ಬ್ರೇಕು ಅದು. ಅಗ್ಗ, ರಬ್ಬರು ಸವೆದರೆ ನೀವೇ ಬದಲಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ವಿ-ಬ್ರೇಕಿಗೆ ವಿ-ಬ್ರೇಕಿನ ಲಿವರೇ ಬೇಕು. ಅದು ತಂತಿಯನ್ನು ಹೆಚ್ಚು ಉದ್ದ ಎಳೆಯುತ್ತದೆ. ಹಳೇ ಸೈಕಲ್ಲಿನ ಲಿವರನ್ನೇ ಉಳಿಸಿ "ಅದೂ ನಡೆಯುತ್ತೆ ಬಾಜಿ" ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ. ಲಿವರು ಹ್ಯಾಂಡಲ್ಲಿಗೆ ತಾಗುತ್ತದೆ, ರಬ್ಬರು ರಿಮ್ಮನ್ನು ಪೂರ್ತಿ ಒತ್ತುವುದಿಲ್ಲ. ತಂತಿ ಮತ್ತು ಅದರ ಹೊರಕವಚ ಯಾವಾಗಲೂ ಹೊಸದಿರಲಿ. ಸೈಕಲ್ಲಿನಲ್ಲಿ ಅತಿ ಅಗ್ಗದ, ಅತಿ ಮುಖ್ಯವಾದ ಸಾಮಾನು ಅದೇ.

ಕೆಲಸ ಮುಗಿದ ಮೇಲೆ ಅಂಗಡಿಯ ಮುಂದೆಯೇ ಪರೀಕ್ಷಿಸಿ. ಸೈಕಲ್ಲಿನ ಪಕ್ಕ ನಿಂತು ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ. ಮುಂಚಕ್ರ ಕದಲದೆ ಹಿಂಚಕ್ರ ನೆಲ ಬಿಡಬೇಕು, ಲಿವರಿಗೂ ಹಿಡಿಗೂ ನಡುವೆ ಒಂದು ಬೆರಳಿನ ಸಂದು ಉಳಿಯಬೇಕು. ನಮ್ಮ ಕಡೆ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಬೇರೆಯವರ ಸೈಕಲ್ಲು ಹತ್ತುವ ಮುನ್ನ ನೋಡಿಕೊಳ್ಳಲು ಮಕ್ಕಳಿಗೆ ಹೇಳಿ. ದುರ್ಗದಿಂದ ಇಳಿಯುವಾಗ ಉದ್ದಕ್ಕೂ ಒಂದೇ ಬ್ರೇಕನ್ನು ಹಿಡಿದೇ ಇರಬಾರದು, ಎರಡನ್ನೂ ಹಿಡಿದು ಬಿಟ್ಟು ಹಿಡಿದು ಇಳಿಯಬೇಕು. ಹಿಡಿದೇ ಇದ್ದರೆ ರಿಮ್ಮು ಕಾಯುತ್ತದೆ. ರೀಪ್ಯಾಕಿನವರ ಗ್ರೀಸು ಹೊಗೆಯಾದದ್ದು ಹಾಗೆಯೇ.

ಇಪ್ಪತ್ತೊಂದು ಗೇರಿನ ಮೋಹ

ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಕೇಳಲು ದೊಡ್ಡ ಸಂಖ್ಯೆ. ಅವುಗಳಲ್ಲಿ ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ ಬಿಗಿಯವು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಇಟ್ಟುಕೊಂಡರೆ ಮುಂದಿನ ಡಿರೈಲರು, ಎಡಗೈ ಶಿಫ್ಟರು, ಅದರ ತಂತಿ, ಎರಡು ಹೆಚ್ಚುವರಿ ಹಲ್ಲುಚಕ್ರಗಳ ಖರ್ಚು ಉಳಿಯಿತು. ಕೆಡುವ ಸಾಮಾನೂ ಅಷ್ಟು ಕಡಿಮೆ.

ಮುಂದೆ 32 ಹಲ್ಲು, ಹಿಂದೆ 14ರಿಂದ 34 ಹಲ್ಲಿನವರೆಗಿನ ಏಳರ ಫ್ರೀವೀಲು ಎಂದಿಟ್ಟುಕೊಳ್ಳಿ. 26 ಇಂಚಿನ ಚಕ್ರದಲ್ಲಿ ಅತಿ ಬಿಗಿಯ ಗೇರಿಗೆ ಪೆಡಲಿನ ಒಂದು ಸುತ್ತಿಗೆ ಸುಮಾರು 4.7 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಹದಿನೇಳು ಕಿಲೋಮೀಟರ್ ವೇಗ. ಕಾಲೇಜಿಗೆ ಅಷ್ಟು ಬೇಕಾದಷ್ಟಾಯಿತು. ಅತಿ ಹಗುರದ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತಲೂ ಕಡಿಮೆ. ದೊಡ್ಡ ಸೈಕಲ್ಲಿನ ಐದೂವರೆ ಮೀಟರಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ದುರ್ಗದ ಏರಿನಲ್ಲಿ ಇಳಿದು ತಳ್ಳುವವರು ಯಾರು, ಕೂತು ಹತ್ತುವವರು ಯಾರು ಎಂಬುದನ್ನು ಈ ಅಂಕಿಯೇ ಹೇಳುತ್ತದೆ.

34 ಹಲ್ಲಿನದು ಕೊಂಡರೆ ಹಿಂದಿನ ಡಿರೈಲರು ಅಷ್ಟು ದೊಡ್ಡ ಹಲ್ಲುಚಕ್ರವನ್ನು ತಾಳುತ್ತದೆಯೇ ಎಂದು ಕೇಳಿ. ಕೆಲವು 28ಕ್ಕೇ ಮುಗಿಯುತ್ತವೆ. ಶಿಫ್ಟರಿನಲ್ಲಿ ಟಿಕ್ ಟಿಕ್ ಎಂದು ಕೂರುವ ಬಗೆಯಾದರೆ ಏಳರ ಫ್ರೀವೀಲಿಗೆ ಏಳರದೇ ಶಿಫ್ಟರು ಬೇಕು. ಜಪಾನಿನ ಶಿಮಾನೊ ಕಂಪೆನಿಯ 'ಟೂರ್ನಿ' ಸಾಲಿನ ಸಾಮಾನು ನಮ್ಮಂಥವರ ಕೈಗೆ ಎಟುಕುವಂಥದ್ದು. ಅಂದಹಾಗೆ, ಇಂದು ಜಗತ್ತಿನ ಗೇರುಗಳನ್ನು ಆಳುವ ಈ ಕಂಪೆನಿ 1921ರಲ್ಲಿ ಆರಂಭವಾದಾಗ ತಯಾರಿಸಿದ ಮೊದಲ ವಸ್ತು ಒಂದು ಫ್ರೀವೀಲು. ಹೆಸರಿನ ಸ್ಟಿಕರಿಗೆ ಮಾತ್ರ ಮರುಳಾಗಬೇಡಿ. ಡಿರೈಲರು ಒಂದು ಕಂಪೆನಿಯದಿದ್ದು ಉಳಿದದ್ದೆಲ್ಲ ಹೆಸರಿಲ್ಲದ ಮಾಲಾಗಿರುವ ಸೈಕಲ್ಲುಗಳು ಸಾಕಷ್ಟಿವೆ.

ಹಿಂದಿನ ಹಬ್ಬಿನಲ್ಲಿ ಎರಡು ಬಗೆ. ಹಬ್ಬಿನ ಮೇಲೆ ತಿರುಪಿ ಕೂರಿಸುವ ಫ್ರೀವೀಲು ಒಂದು. ಜಾರಿಸಿ ಕೂರಿಸುವ ಕ್ಯಾಸೆಟ್ಟು ಇನ್ನೊಂದು. ಕ್ಯಾಸೆಟ್ ಹಬ್ಬಿನಲ್ಲಿ ಅಚ್ಚು ಬಾಗುವುದು ಕಡಿಮೆ, ಬೆಲೆ ಹೆಚ್ಚು. ಭಾರದ ಆಳಾಗಿ, ಕಲ್ಲು ದಾರಿಯಲ್ಲಿ ಹಾರಿಸುವ ಹುಡುಗನಾದರೆ ಕ್ಯಾಸೆಟ್ ನೋಡಿ. ಕಾಲೇಜಿಗೆ ಹೋಗುವ ಹುಡುಗಿಗೆ ತಿರುಪಿನದು ಸಾಕು.

ಚೈನನ್ನು ಹಳೆಯದೇ ಇರಲಿ ಎನ್ನಬೇಡಿ, ಅಳೆದು ನೋಡಿ. ಹೊಸ ಚೈನಿನಲ್ಲಿ ಹನ್ನೆರಡು ಇಂಚಿಗೆ ಸರಿಯಾಗಿ ಪಿನ್ನಿಗೆ ಪಿನ್ನು ಕೂಡುತ್ತದೆ. ಅದೇ ಹನ್ನೆರಡು ಇಂಚು ಹನ್ನೆರಡೂ ಒಂದು ಎಂಟಾಂಶ ಆಗಿದ್ದರೆ ಅದು ಸವೆದು ಉದ್ದವಾಗಿದೆ. ಅಂಥ ಚೈನು ಹೊಸ ಫ್ರೀವೀಲಿನ ಹಲ್ಲನ್ನೂ ತಿಂದುಹಾಕುತ್ತದೆ. ಗೇರ್ ಸೈಕಲ್ಲಿನ ಚೈನು ಸಾದಾ ಸೈಕಲ್ಲಿನದಕ್ಕಿಂತ ತೆಳುವಾದ್ದರಿಂದ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ನಮ್ಮ ಹೆಣ್ಣುಮಕ್ಕಳ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗುಡ್ಡದ ಸೈಕಲ್ಲಿಗೆ ಚೈನ್ ಕವರ್ ಇರುವುದಿಲ್ಲ. ಬುರ್ಖಾದ ಅಂಚು, ಚೂಡಿದಾರದ ಕಾಲು, ದುಪಟ್ಟಾ ಯಾವುದಾದರೂ ಚೈನಿಗೆ ಅಥವಾ ಕಡ್ಡಿಗಳಿಗೆ ಸಿಕ್ಕಿದರೆ ಬೀಳುವುದು ನಿಶ್ಚಿತ. ಮುಂದೆ ಒಂದೇ ಹಲ್ಲುಚಕ್ರ ಇಟ್ಟುಕೊಂಡರೆ ಅದರ ಹೊರಬದಿಗೆ ಪ್ಲಾಸ್ಟಿಕ್ಕಿನ ಗುಂಡು ಕವಚ ಬಿಗಿಸಬಹುದು. ಹಿಂಚಕ್ರದ ಎರಡೂ ಬದಿಗೆ ಬಲೆ ಅಥವಾ ತಗಡು ಹಾಕಿಸಿ. ಬಟ್ಟೆಯ ಅಂಚಿಗೆ ಎರಡು ಟಿಚ್ ಬಟನ್ ಹೊಲಿದು ಸವಾರಿಯ ವೇಳೆ ಮೇಲೆ ಮಡಚಿಕೊಳ್ಳುವ ಉಪಾಯವನ್ನು ಒಬ್ಬ ವಿದ್ಯಾರ್ಥಿನಿಯ ತಾಯಿ ಮಾಡಿದ್ದರು. ನನಗೆ ಅದು ಬಹಳ ಹಿಡಿಸಿತು.

ಅಂಗಡಿಗೆ ಹೋಗುವಾಗ

ಬ್ಲೌಸಿಗೆ ಮ್ಯಾಚಿಂಗ್ ಹುಡುಕುವಾಗ ಸೀರೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗುತ್ತೇವಲ್ಲವೇ? ಹಾಗೆಯೇ ಬಿಚ್ಚಿದ ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಸೀಟಿನ ಕಂಬದ ದಪ್ಪ 27.2, 27.0 ಎಂದು ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ ಬದಲಾಗುತ್ತದೆ. ಕಣ್ಣಳತೆಗೆ ಅದು ನಿಲುಕದು. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನಲ್ಲೂ 25.4, 31.8 ಎಂಬ ಎರಡು ಅಳತೆಗಳಿವೆ. ಪೆಡಲಿನ ಅಚ್ಚಿನಲ್ಲಿ ಬಿಡಿ ಗುಂಡುಗಳ ಬದಲು ಸೀಲು ಮಾಡಿದ ಬೇರಿಂಗ್ ಸಿಕ್ಕರೆ ಅದನ್ನೇ ಹಾಕಿಸಿ. ಸೀಟಿನ ಎತ್ತರಕ್ಕೆ ಸುಲಭದ ಅಳತೆ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲೆ ಊರಿ ಕಾಲು ನೇರವಾಗಬೇಕು.

ಬಿಲ್ಲು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಹಳೇ ದರ ಹಾಕಿದ್ದರೆ ತೋರಿಸಿ ಕೇಳಲು ಸಂಕೋಚವೇಕೆ?

ಮೆಕ್ಯಾನಿಕ್ಕರ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ. ಸೈಕಲ್ ರಿಪೇರಿ ನಮ್ಮ ಜನರಲ್ಲಿ ಎಷ್ಟೋ ಮಂದಿಯ ಹೊಟ್ಟೆಪಾಡು. ಸ್ಕೂಟರುಗಳು ಹೆಚ್ಚಿದ ಮೇಲೆ ಆ ಕೆಲಸ ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ರಿಮ್ಮಿಗೆ ಕಡ್ಡಿ ಹೆಣೆದು ಕೂದಲೆಳೆಯಷ್ಟೂ ಓಲಾಡದಂತೆ ಚಕ್ರ ನಿಲ್ಲಿಸುವ ಕೈಗೆ ಕೊಟ್ಟ ಹಣ ದುಂದಲ್ಲ. ಮಗಳನ್ನೂ ಜೊತೆಗೆ ಕರೆದೊಯ್ದು ಅಲ್ಲೇ ನಿಲ್ಲಿಸಿ, ಅವಳೂ ನೋಡಿ ಕಲಿಯಲಿ. ಎಡ ಪೆಡಲಿನ ತಿರುಪು ಉಲ್ಟಾ ತಿರುಗುತ್ತದೆ ಎಂಬಂಥ ಸಣ್ಣ ಸಂಗತಿ ಗೊತ್ತಿಲ್ಲದೆ ಹೊಸ ಕ್ರ್ಯಾಂಕಿನ ಮರೆಯನ್ನು ಹಾಳುಮಾಡಿಕೊಂಡವರಿದ್ದಾರೆ. ಹೆಲ್ಮೆಟ್ಟಿಗೂ ಹಿಂದಿನ ಕೆಂಪು ದೀಪಕ್ಕೂ ಆ ನೂರರ ಲೆಕ್ಕದ ಹೊರಗೆ ಹಣ ತೆಗೆದಿಡಿ. ಈದಿ ಕೂಡಿಟ್ಟ ಡಬ್ಬಿಯಿಂದ ಅದನ್ನು ಮಕ್ಕಳೇ ಕೊಳ್ಳಲಿ.

ಜೋಡಿಸಿದ ಸೈಕಲ್ಲನ್ನು ಒಂದು ವಾರ ಓಡಿಸಿದ ಮೇಲೆ ಅದೇ ಮೆಕ್ಯಾನಿಕ್ಕಿನ ಬಳಿ ಮತ್ತೊಮ್ಮೆ ಒಯ್ಯಬೇಕು. ಹೊಸ ತಂತಿಗಳು ಸಡಿಲವಾಗಿರುತ್ತವೆ, ಕಡ್ಡಿಗಳು ಕೂತಿರುತ್ತವೆ, ಕ್ರ್ಯಾಂಕಿನ ಬೋಲ್ಟು ಒಂದು ಸುತ್ತು ಬಿಗಿ ಕೇಳುತ್ತಿರುತ್ತದೆ. ಸಡಿಲವಿದ್ದಾಗಲೇ ಓಡಿಸಿದರೆ ಕ್ರ್ಯಾಂಕಿನ ಚೌಕ ರಂಧ್ರ ಗುಂಡಗಾಗಿ ಅದನ್ನೇ ಬದಲಿಸಬೇಕಾಗುತ್ತದೆ. ಆ ಬಳಿಕ ಹದಿನೈದು ದಿನಕ್ಕೊಮ್ಮೆ ಚೈನನ್ನು ಹಳೇ ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆಗೆ ನಮ್ಮೂರಿನ ಧೂಳು ಅಂಟಿ ಅರದಂತೆ ಹಲ್ಲುಗಳನ್ನು ಸವೆಸುತ್ತದೆ.